ಕಾವಲಿನವನ ಗುರುತು: ವಿಕ್ಟೋರಿಯಾ ಕಾಲದ ಪೊಲೀಸ್ ಪೂರ್ವಜನ ಶೋಧ ಮತ್ತು ಆಕರ ವಿವೇಚನೆ

ವಂಶಾವಳಿ ಎಂದೊಡನೆ ಕನ್ನಡ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಶಾಸನ. ಅರಸನ ದಾನವನ್ನು ಹೇಳುವ ಮುನ್ನ ಶಾಸನಕವಿ ಅವನ ತಂದೆ, ತಾತ, ಮುತ್ತಾತಂದಿರನ್ನು ಹೊಗಳುತ್ತ ಚಂದ್ರನವರೆಗೋ ಸೂರ್ಯನವರೆಗೋ ಏರುವುದುಂಟು. ಆದರೆ ದಾನವಾದ ಊರಿನ ತಳವಾರನ ತಾತ ಯಾರೆಂಬುದು ಆ ಶಾಸನಕ್ಕೆ ಬೇಕಾದ ವಿಷಯವಲ್ಲ. ತಳವಾರನು ತುರುಗಾಳಗದಲ್ಲಿ ಮಡಿದರೆ ಅವನಿಗೊಂದು ವೀರಗಲ್ಲು ದೊರೆತೀತು. ಬದುಕಿ ಉಳಿದು, ಮುಪ್ಪಾಗಿ ಸತ್ತರೆ ಕಲ್ಲಿಲ್ಲ, ಹೆಸರಿಲ್ಲ. ಸಾಮಾನ್ಯನು ಇತಿಹಾಸದೊಳಗೆ ಬರುವುದು ಬಹುಮಟ್ಟಿಗೆ ತನ್ನ ಸಾವಿನ ಮೂಲಕವೇ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಸ್ಥಿತಿ ಬದಲಾಯಿತು. ಅಲ್ಲಿನ ಪ್ರಭುತ್ವವು ತನ್ನ ಪ್ರಜೆಗಳನ್ನು ಎಣಿಸಲು, ಹೆಸರಿಸಲು, ಪಟ್ಟಿಮಾಡಲು ತೊಡಗಿತು. ಬೀದಿಯಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಪೊಲೀಸ್ ಪೇದೆಯೂ ಈ ಪಟ್ಟಿಗಳೊಳಗೆ ಬಂದನು. ಇಂದು ಅವನ ಮರಿಮಕ್ಕಳು, ಗಿರಿಮಕ್ಕಳು ಅವನನ್ನು ಹುಡುಕಿಕೊಂಡು ಪತ್ರಾಗಾರಗಳಿಗೆ ಹೋಗುತ್ತಾರೆ. ಈ ಶೋಧ ನಡೆಯುವ ಬಗೆ, ಅದರ ಆಕರಗಳ ಸ್ವರೂಪ, ಆ ಆಕರಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ವಿವೇಚನೆ – ಇವು ಪ್ರಸ್ತುತ ಲೇಖನದ ವಿಷಯ. ಕನ್ನಡ ಸಂಶೋಧಕನಿಗೆ ಇದು ದೂರದ ಸಂಗತಿಯಾಗಿ ತೋರಬಹುದು. ಹಾಗಲ್ಲವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

1. ತಿಳಿದುದರಿಂದ ತಿಳಿಯದುದರ ಕಡೆಗೆ

ಕುಟುಂಬದ ಇತಿಹಾಸವನ್ನು ಬರೆಯಹೊರಟವರು ಮಾಡುವ ಮೊದಲ ತಪ್ಪೆಂದರೆ ಮೇಲಿನಿಂದ ಕೆಳಕ್ಕೆ ಇಳಿಯುವುದು. ‘ನಮ್ಮ ಮುತ್ತಜ್ಜ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದ’ ಎಂಬ ಮಾತನ್ನು ಹಿಡಿದುಕೊಂಡು ಅದೇ ಹೆಸರಿನ ಅಧಿಕಾರಿಯೊಬ್ಬನನ್ನು ಹುಡುಕಿ, ಅವನಿಂದ ತಮ್ಮ ಮನೆಯವರೆಗೆ ಸೇತುವೆ ಕಟ್ಟುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧವಾದುದು. ತನ್ನ ತಂದೆಯ ಜನನಪತ್ರದಿಂದ ತಾತನಿಗೆ, ತಾತನ ವಿವಾಹಪತ್ರದಿಂದ ಮುತ್ತಾತನಿಗೆ – ಹೀಗೆ ಒಂದೊಂದೇ ಮೆಟ್ಟಿಲನ್ನು ಆಧಾರಸಹಿತವಾಗಿ ಏರಬೇಕು.

ಈ ಮೆಟ್ಟಿಲುಗಳನ್ನು ಒದಗಿಸಿದ್ದು ನಾಗರಿಕ ನೋಂದಣಿಯ ವ್ಯವಸ್ಥೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ವಿವಾಹ, ಮರಣಗಳ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ವಿಕ್ಟೋರಿಯಾ ಪಟ್ಟಕ್ಕೆ ಬಂದುದು ಅದೇ ವರ್ಷದ ಜೂನ್ 20ರಂದು. ಹಾಗಾಗಿ ಅವಳ ಆಳ್ವಿಕೆಯ ಕಾಲವೂ ನಾಗರಿಕ ದಾಖಲೆಗಳ ಕಾಲವೂ ಹನ್ನೊಂದು ದಿನಗಳ ಅಂತರದಲ್ಲಿ ಒಟ್ಟಿಗೆ ತೊಡಗಿದವು. ಸ್ಕಾಟ್ಲೆಂಡಿನಲ್ಲಿ ಈ ವ್ಯವಸ್ಥೆ ಬಂದುದು 1855ರಲ್ಲಿ. ಅದಕ್ಕೆ ಹಿಂದಿನ ಕಾಲಕ್ಕೆ ಚರ್ಚುಗಳ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪುಸ್ತಕಗಳೇ ಗತಿ.

ಈ ಮೂರು ಪತ್ರಗಳಲ್ಲಿ ಶೋಧಕನಿಗೆ ಹೆಚ್ಚು ಉಪಯುಕ್ತವಾದುದು ವಿವಾಹಪತ್ರ. ಅದರಲ್ಲಿ ವಧೂವರರ ಹೆಸರು, ವಯಸ್ಸು, ವೃತ್ತಿ, ವಾಸಸ್ಥಳಗಳ ಜೊತೆಗೆ ಇಬ್ಬರ ತಂದೆಯರ ಹೆಸರೂ ವೃತ್ತಿಯೂ ಇರುತ್ತವೆ. ಒಂದೇ ಹಾಳೆಯಲ್ಲಿ ಎರಡು ತಲೆಮಾರು. ಮಗನ ವಿವಾಹಪತ್ರದಲ್ಲಿ ತಂದೆಯ ವೃತ್ತಿಯನ್ನು ‘ಪೊಲೀಸ್ ಪೇದೆ’ ಎಂದು ಬರೆದಿದ್ದರೆ ಮನೆಯ ಐತಿಹ್ಯಕ್ಕೆ ಮೊದಲ ಆಧಾರ ಸಿಕ್ಕಂತಾಯಿತು. ಆದರೆ ಇಲ್ಲಿಯೂ ಎಚ್ಚರ ಬೇಕು. ವಿವಾಹದ ದಿನ ವರನು ಹೇಳಿದುದನ್ನು ಪಾದ್ರಿ ಬರೆದುಕೊಂಡನೇ ಹೊರತು ಪರೀಕ್ಷಿಸಲಿಲ್ಲ. ವಯಸ್ಸನ್ನು ಕೂಡಿಸಿಯೋ ಕಳೆದೋ ಹೇಳುವುದು, ಕೂಲಿಯಾಗಿದ್ದ ತಂದೆಗೆ ಮೇಲಿನ ವೃತ್ತಿಯನ್ನು ಅಂಟಿಸುವುದು ಅಪರೂಪವಾಗಿರಲಿಲ್ಲ.

2. ಎಣಿಕೆಯ ರಾತ್ರಿ

ಎರಡನೆಯ ಮುಖ್ಯ ಆಕರ ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿ. ಗೊತ್ತುಮಾಡಿದ ಒಂದು ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರೋ ಅವರನ್ನು ಅಲ್ಲಿಯೇ ಎಣಿಸುವುದು ಅದರ ಕ್ರಮ. ವ್ಯಕ್ತಿಗಳ ಹೆಸರುಗಳು ದೇಶದಾದ್ಯಂತ ಉಳಿದುಬಂದಿರುವುದು 1841ರ ಗಣತಿಯಿಂದ ಈಚೆಗೆ. ಆ ವರ್ಷದ ಗಣತಿಯಲ್ಲಿ ಹದಿನೈದಕ್ಕೆ ಮೇಲ್ಪಟ್ಟವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಇಪ್ಪತ್ತೊಂಬತ್ತರವನು ಅಲ್ಲಿ ಇಪ್ಪತ್ತೈದರವನಾಗುತ್ತಾನೆ. ಹುಟ್ಟಿದ ಊರಿನ ಹೆಸರಿಲ್ಲ. ಅದೇ ಕೌಂಟಿಯವನು ಹೌದೋ ಅಲ್ಲವೋ ಎಂಬ ಉತ್ತರವಷ್ಟೇ ಇದೆ. 1851ರಿಂದ ವಯಸ್ಸು, ಮನೆಯ ಯಜಮಾನನೊಡನೆ ಸಂಬಂಧ, ಹುಟ್ಟಿದ ಪ್ಯಾರಿಷ್ ಎಲ್ಲವೂ ಸಿಗುತ್ತವೆ. ಹುಟ್ಟಿದೂರು ತಿಳಿದರೆ ಅಲ್ಲಿನ ಚರ್ಚಿನ ಪುಸ್ತಕಕ್ಕೆ ಹೋಗಬಹುದು.

ಪೊಲೀಸನ ವಿಷಯದಲ್ಲಿ ಗಣತಿಗೆ ವಿಶೇಷ ಮಹತ್ವವಿದೆ. ಅವಿವಾಹಿತ ಪೇದೆಗಳು ಹಲವರು ಠಾಣೆಗೆ ಸೇರಿದ ವಸತಿಗೃಹಗಳಲ್ಲಿ ಒಟ್ಟಿಗೆ ಇರುತ್ತಿದ್ದರು. ಅವರ ಹೆಸರುಗಳನ್ನು ಕುಟುಂಬಗಳ ಸಾಲಿನಲ್ಲಿ ಹುಡುಕಿ ಕಾಣದೆ ಶೋಧಕನು ನಿರಾಶನಾಗುವುದುಂಟು. ವಸತಿಗೃಹದ ಪುಟವನ್ನು ತೆರೆದರೆ ಸಾಲಾಗಿ ಇಪ್ಪತ್ತು ಮೂವತ್ತು ತರುಣರ ನಡುವೆ ಅವನು ಸಿಗುತ್ತಾನೆ. ಅವರು ಹುಟ್ಟಿದ ಊರುಗಳನ್ನು ಓದುತ್ತಹೋದರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಲಂಡನ್ನಿನ ಬೀದಿಗಳನ್ನು ಕಾಯುತ್ತಿದ್ದವರಲ್ಲಿ ಅನೇಕರು ಲಂಡನ್ನಿನವರಲ್ಲ. ದೂರದ ಕೃಷಿಪ್ರಧಾನ ಕೌಂಟಿಗಳಿಂದ ಹೊಟ್ಟೆಪಾಡಿಗಾಗಿ ಬಂದ ಹಳ್ಳಿಯ ಮಕ್ಕಳು. ಸ್ಥಳೀಯ ಹಂಗಿಲ್ಲದ, ಗಟ್ಟಿಮುಟ್ಟಾದ ಹಳ್ಳಿಗರೇ ಈ ಕೆಲಸಕ್ಕೆ ಮೇಲೆಂಬುದು ಇಲಾಖೆಯ ಭಾವನೆಯಾಗಿತ್ತು.

ಗಣತಿಯ ಪುಟಗಳನ್ನು ನೂರು ವರ್ಷ ಗುಪ್ತವಾಗಿಡುವ ಕ್ರಮವಿದೆ. 1921ರ ಗಣತಿ 2022ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 1931ರ ಪುಟಗಳು 1942ರ ಬೆಂಕಿಯಲ್ಲಿ ನಾಶವಾದವು; 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಇನ್ನು ಮತದಾರರ ಪಟ್ಟಿಗಳ ವಿಷಯ. ಅಲ್ಲಿ ಪೂರ್ವಜನ ಹೆಸರಿಲ್ಲದಿದ್ದರೆ ಅವನು ಆ ಊರಿನಲ್ಲಿ ಇರಲಿಲ್ಲವೆಂದು ತೀರ್ಮಾನಿಸಲಾಗದು. 1887ರವರೆಗೆ ಪೊಲೀಸರಿಗೆ ಸಂಸತ್ತಿನ ಚುನಾವಣೆಗಳಲ್ಲಿ ಮತಾಧಿಕಾರವೇ ಇರಲಿಲ್ಲ.

3. ಯಾವ ಪೊಲೀಸ್ ಪಡೆ?

ಪೂರ್ವಜನು ಪೊಲೀಸನೆಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ: ಅವನು ಯಾವ ಪಡೆಗೆ ಸೇರಿದವನು? ಇಂಗ್ಲೆಂಡಿನಲ್ಲಿ ಒಂದೇ ಪೊಲೀಸ್ ಇಲಾಖೆ ಎಂದೂ ಇರಲಿಲ್ಲ. ಗೃಹಮಂತ್ರಿ ರಾಬರ್ಟ್ ಪೀಲ್ ತಂದ 1829ರ ಕಾಯಿದೆಯಿಂದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿತು. ಆ ವರ್ಷದ ಸೆಪ್ಟೆಂಬರ್ 29ರಂದು ಅದರ ಪೇದೆಗಳು ನೀಲಿ ಕೋಟು, ಎತ್ತರದ ಟೋಪಿಗಳೊಡನೆ ಮೊದಲ ಬಾರಿ ಬೀದಿಗಿಳಿದರು. ಚಾರ್ಲ್ಸ್ ರೋವನ್, ರಿಚರ್ಡ್ ಮೇನ್ ಎಂಬವರು ಮೊದಲ ಇಬ್ಬರು ಆಯುಕ್ತರು. ಅದೇ ಲಂಡನ್ನಿನ ನಡುವಿನ ಹಳೆಯ ‘ಸಿಟಿ’ ಮಾತ್ರ ಈ ವ್ಯಾಪ್ತಿಗೆ ಒಳಪಡದೆ 1839ರಲ್ಲಿ ತನ್ನದೇ ಪಡೆಯನ್ನು ಕಟ್ಟಿಕೊಂಡಿತು. 1835ರ ಕಾಯಿದೆ ಪಟ್ಟಣಗಳಿಗೆ, 1839ರ ಕಾಯಿದೆ ಕೌಂಟಿಗಳಿಗೆ ಪೊಲೀಸರನ್ನು ನೇಮಿಸುವ ದಾರಿ ತೆರೆದವು. ಕೌಂಟಿಗಳಿಗೆ ಅದು ಐಚ್ಛಿಕವಾಗಿದ್ದುದು 1856ರ ಕಾಯಿದೆಯಿಂದ ಕಡ್ಡಾಯವಾಯಿತು. ಆದ್ದರಿಂದ ಒಬ್ಬೊಬ್ಬ ಪೇದೆಯ ದಾಖಲೆ ಒಂದೊಂದು ಕಡೆ ಇದೆ. ಕೌಂಟಿ ಪೊಲೀಸರ ಪುಸ್ತಕಗಳನ್ನು ಆಯಾ ಕೌಂಟಿಯ ಪತ್ರಾಗಾರದಲ್ಲಿ ಹುಡುಕಬೇಕು. ಮೆಟ್ರೊಪಾಲಿಟನ್ ಪೊಲೀಸರವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಇಲ್ಲಿ ಶೋಧಕನನ್ನು ದಾರಿತಪ್ಪಿಸುವ ಒಂದು ಸೂಕ್ಷ್ಮವಿದೆ. ಒಬ್ಬ ಪೇದೆಯ ಮೊದಲ ಮಗು ಲಂಡನ್ನಿನಲ್ಲಿ, ಎರಡನೆಯದು ಪೋರ್ಟ್ಸ್‌ಮತ್‌ನಲ್ಲಿ, ಮೂರನೆಯದು ವೇಲ್ಸಿನ ಪೆಂಬ್ರೋಕ್‌ನಲ್ಲಿ ಹುಟ್ಟಿದ್ದರೆ ಅವನು ಪಡೆಯಿಂದ ಪಡೆಗೆ ಹಾರಿದವನೆಂದು ತೋರುತ್ತದೆ. ವಾಸ್ತವವಾಗಿ 1860ರಿಂದ ರಾಜ ನೌಕಾಕಟ್ಟೆಗಳ ಕಾವಲೂ ಮೆಟ್ರೊಪಾಲಿಟನ್ ಪೊಲೀಸರಿಗೆ ಸೇರಿತ್ತು. ಅವನು ಇಲಾಖೆಯನ್ನು ಬಿಡದೆಯೇ ಇಷ್ಟೂ ಊರುಗಳನ್ನು ಸುತ್ತಿರಬಹುದು. ಹೀಗೆ ಆಡಳಿತದ ಇತಿಹಾಸವನ್ನು ಅರಿಯದೆ ಕುಟುಂಬದ ಇತಿಹಾಸವನ್ನು ಓದುವುದು ಸಾಧ್ಯವಿಲ್ಲ.

4. ಎರಡು ಸಂಖ್ಯೆಗಳು

ಮೆಟ್ರೊಪಾಲಿಟನ್ ಪೇದೆಗೆ ಎರಡು ಸಂಖ್ಯೆಗಳಿದ್ದವು. ಒಂದು ಅವನ ಕೊರಳಪಟ್ಟಿಯ ಮೇಲಿನದು. ಅದು ವಿಭಾಗದ ಅಕ್ಷರವನ್ನೂ ಆ ವಿಭಾಗದಲ್ಲಿ ಅವನ ಸಂಖ್ಯೆಯನ್ನೂ ತೋರಿಸುತ್ತಿತ್ತು. ವರ್ಗವಾದರೆ ಅದು ಬದಲಾಗುತ್ತಿತ್ತು. ಇನ್ನೊಂದು ಸೇರ್ಪಡೆಯ ಕಾಲಕ್ಕೆ ಕೊಟ್ಟ ವಾರಂಟ್ ಸಂಖ್ಯೆ. ಅದು ಸೇವೆಯುದ್ದಕ್ಕೂ ಬದಲಾಗದು. ಹಳೆಯ ಭಾವಚಿತ್ರದಲ್ಲಿ ಕಾಣುವುದು ಮೊದಲನೆಯದು, ದಾಖಲೆಯ ಬೀಗ ತೆರೆಯುವುದು ಎರಡನೆಯದು. ಒಂದನ್ನು ಇನ್ನೊಂದೆಂದು ಭ್ರಮಿಸಿ ಬೇರೊಬ್ಬನ ಚರಿತ್ರೆಯನ್ನು ತಮ್ಮ ಮನೆಗೆ ತಂದುಕೊಂಡವರುಂಟು.

ಕ್ಯೂನಲ್ಲಿ ಸೇರ್ಪಡೆಯಾದವರ ಪುಸ್ತಕಗಳು 1830ರಿಂದ 1857ರವರೆಗೆ ಇವೆ; ಆಮೇಲೆ 1878ರಿಂದ ಮುಂದುವರಿಯುತ್ತವೆ. ಪ್ರಮಾಣವಚನದ ಪುಸ್ತಕಗಳು 1869ರಿಂದಲೂ, ಸೇವೆ ಬಿಟ್ಟವರ ಪುಸ್ತಕಗಳು 1889ರಿಂದಲೂ ತೊಡಗುತ್ತವೆ. ಪಿಂಚಣಿ ಪಡೆದವರ ಕಾಗದಗಳು 1852ರಿಂದ ಇವೆ. ಈ ಕೊನೆಯವು ಬಹಳ ಬೆಲೆಯುಳ್ಳವು. ಪಿಂಚಣಿದಾರನ ಸೋಗಿನಲ್ಲಿ ಬೇರೊಬ್ಬನು ಬಂದು ಹಣ ಪಡೆಯಬಾರದೆಂದು ಗುಮಾಸ್ತನು ಅವನ ಎತ್ತರ, ಕೂದಲ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳನ್ನು ಬರೆದಿಟ್ಟನು. ಭಾವಚಿತ್ರವಿಲ್ಲದ ಮನುಷ್ಯನ ಮುಖ ನಮಗೆ ಅಲ್ಪಸ್ವಲ್ಪ ಕಾಣುವುದು ಹೀಗೆ ಒಬ್ಬ ಗುಮಾಸ್ತನ ಸಂಶಯದ ದಯೆಯಿಂದ.

ಮೇಲಿನ ವರ್ಷಗಳನ್ನು ಜೋಡಿಸಿ ನೋಡಿದರೆ ಒಂದು ಕಂದಕ ಕಾಣುತ್ತದೆ. 1857ರ ನಂತರ ಸೇರಿ, 1869ಕ್ಕೆ ಮೊದಲೇ ಪಿಂಚಣಿಯಿಲ್ಲದೆ ಬಿಟ್ಟುಹೋದವನು ಈ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅಂಥವನಿಗಾಗಿ ಇಲಾಖೆಯ ದೈನಂದಿನ ಆಜ್ಞೆಗಳನ್ನು ಪುಟಪುಟವಾಗಿ ಓದಬೇಕು. ನೇಮಕ, ವರ್ಗ, ಬಡ್ತಿ, ದಂಡ, ವಜಾಗಳು ಅಲ್ಲಿ ಒಂದೊಂದು ಸಾಲಾಗಿ ಬರುತ್ತವೆ. ಸಿಗಲಿಲ್ಲವೆಂಬುದು ಇರಲಿಲ್ಲವೆಂಬುದಕ್ಕೆ ಪ್ರಮಾಣವಲ್ಲ ಎಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸಿಕ್ಕಿದ ಸಾಲು ಸಂತೋಷ ತರುವುದೆಂಬ ಭರವಸೆಯೂ ಇಲ್ಲ. ಮೆಟ್ರೊಪಾಲಿಟನ್ ಪೊಲೀಸರ ಒಂದನೆಯ ವಾರಂಟ್ ಸಂಖ್ಯೆ ಪಡೆದ ವಿಲಿಯಂ ಆಟ್ಕಿನ್ಸನ್ ಕುಡಿದಿದ್ದನೆಂಬ ಕಾರಣಕ್ಕೆ ಮೊದಲ ದಿನವೇ ವಜಾ ಆದನು. ಅವನೊಬ್ಬನೇ ಅಲ್ಲ, ಮೊದಲ ವರ್ಷಗಳಲ್ಲಿ ಸೇರಿದವರಲ್ಲಿ ಬಹುಪಾಲು ಜನ ಬೇಗನೆ ಹೊರಬಿದ್ದರು. ವಾರಕ್ಕೆ ಸುಮಾರು 21 ಷಿಲಿಂಗ್ ಸಂಬಳ, ಮಳೆ ಹಿಮಗಳಲ್ಲಿ ರಾತ್ರಿಯ ನಡಿಗೆ, ಜನರ ತಿರಸ್ಕಾರ – ಇವುಗಳ ನಡುವೆ ಒಂದು ಗುಟುಕು ಮದ್ಯ ಅಪರಾಧವಾಗುತ್ತಿತ್ತು. 1890ರ ಕಾಯಿದೆ ಇಪ್ಪತ್ತೈದು ವರ್ಷದ ಸೇವೆಗೆ ಪಿಂಚಣಿಯನ್ನು ಹಕ್ಕಾಗಿ ಮಾಡುವವರೆಗೆ ಅದು ಮೇಲಿನವರ ಕೃಪೆಯಾಗಿತ್ತು. ಇದನ್ನು ಅರಿತವನು ‘ವಜಾ’ ಎಂಬ ಒಂದು ಪದದಿಂದ ತನ್ನ ಪೂರ್ವಜನ ಚಾರಿತ್ರ್ಯವನ್ನು ಅಳೆಯಲಾರನು.

ಇನ್ನೊಂದು ಮಾತು. ಈ ಪುಸ್ತಕಗಳೆಲ್ಲ ಗಂಡಸಿನವು. ರಾತ್ರಿಪಾಳಿಯ ಗಂಡನಿಗಾಗಿ ಹಗಲು ಮಕ್ಕಳನ್ನು ಸುಮ್ಮನಿರಿಸಿದ, ಅವನೊಡನೆ ಊರೂರು ಅಲೆದ ಹೆಂಡತಿಗೆ ಸೇವಾಪುಸ್ತಕದಲ್ಲಿ ಜಾಗವಿಲ್ಲ. ಅವಳನ್ನು ವಿವಾಹಪತ್ರದಲ್ಲಿ, ಮಕ್ಕಳ ಜನನಪತ್ರಗಳಲ್ಲಿ, ಗಣತಿಯ ಪುಟದಲ್ಲಿ ಹುಡುಕಿ ತಂದು ಅವನ ಪಕ್ಕದಲ್ಲಿ ನಿಲ್ಲಿಸುವುದು ಶೋಧಕನ ಕೆಲಸ.

5. ಸಾಕ್ಷಿಕಟ್ಟೆಯ ದನಿ

ಪಟ್ಟಿಗಳು ಹೆಸರನ್ನು ಕೊಡುತ್ತವೆ, ದನಿಯನ್ನು ಕೊಡುವುದಿಲ್ಲ. ದನಿಗಾಗಿ ನ್ಯಾಯಾಲಯಕ್ಕೆ ಹೋಗಬೇಕು. ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದ ವಿಚಾರಣೆಗಳ ಮುದ್ರಿತ ವರದಿಗಳು 1674ರಿಂದ 1913ರವರೆಗೆ ಉಳಿದುಬಂದಿವೆ. ಈಗ ಅವು ಗಣಕಯಂತ್ರದ ಮೂಲಕ ಯಾರಿಗಾದರೂ ಲಭ್ಯ. ಕಳ್ಳನನ್ನು ಹಿಡಿದ ಪೇದೆ ತನ್ನ ಹೆಸರು, ವಿಭಾಗದ ಅಕ್ಷರ, ಸಂಖ್ಯೆಗಳೊಡನೆ ಅಲ್ಲಿ ಸಾಕ್ಷಿ ನುಡಿಯುತ್ತಾನೆ. ಯಾವ ಬೀದಿಯಲ್ಲಿ ನಿಂತಿದ್ದೆ, ಎಷ್ಟು ಗಂಟೆಯಾಗಿತ್ತು, ದೀಪದ ಬೆಳಕು ಎಷ್ಟಿತ್ತು ಎಂಬುದನ್ನು ಹೇಳುತ್ತಾನೆ. ತನ್ನ ಕೈಯಿಂದ ಏನನ್ನೂ ಬರೆದಿಡದವನ ಮಾತು ಬರಹಗಾರನ ಲೇಖನಿಯ ಮೂಲಕವಾದರೂ ನಮ್ಮನ್ನು ಮುಟ್ಟುವ ಸ್ಥಳವಿದು. ಅಂದಿನ ಪತ್ರಿಕೆಗಳ ನ್ಯಾಯಾಲಯ ವರದಿಗಳೂ ಇದಕ್ಕೆ ಪೂರಕ.

ಆದರೆ ಜಾನ್ ಸ್ಮಿತ್ ಎಂಬ ಹೆಸರಿನ ಪೇದೆಗಳು ಎಷ್ಟು ಮಂದಿ! ಇಲ್ಲಿ ಕನ್ನಡ ವಿದ್ವಾಂಸನಿಗೆ ಪರಿಚಿತವಾದ ಸಮಸ್ಯೆಯೇ ಎದುರಾಗುತ್ತದೆ. ‘ಛಂದೋಂಬುಧಿ’ಯ ನಾಗವರ್ಮನೂ ‘ಕಾವ್ಯಾವಲೋಕನ’ದ ನಾಗವರ್ಮನೂ ಬೇರೆ ಬೇರೆ ಎಂದು ನಿರ್ಣಯಿಸಲು ನಮ್ಮ ಹಿರಿಯರು ಎಷ್ಟು ಶ್ರಮಪಟ್ಟರೆಂಬುದನ್ನು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಹೆಸರಿನ ಸಾಮ್ಯದಿಂದ ವ್ಯಕ್ತಿಯ ಐಕ್ಯ ಸಿದ್ಧಿಸದು. ಹುಟ್ಟಿದ ಪ್ಯಾರಿಷ್, ವಯಸ್ಸು, ಹೆಂಡತಿಯ ಹೆಸರು, ತಂದೆಯ ವೃತ್ತಿ – ಇವುಗಳಲ್ಲಿ ಕೆಲವಾದರೂ ಪರಸ್ಪರ ಅವಲಂಬಿಸದ ಆಕರಗಳಲ್ಲಿ ಕೂಡಿಬಂದಾಗ ಮಾತ್ರ ಇವನೇ ಅವನು ಎನ್ನಬಹುದು. ಒಂದು ಆಕರವನ್ನು ನೋಡಿ ಬರೆದ ಇನ್ನೊಂದು ಆಕರ ಎರಡನೆಯ ಸಾಕ್ಷಿಯಲ್ಲ.

6. ಒಂದು ನಿದರ್ಶನ: ಜೊನಾಥನ್ ವಿಚರ್

ಈ ಆಕರಗಳು ಒಟ್ಟುಗೂಡಿದಾಗ ಏನು ಸಾಧ್ಯವೆಂಬುದಕ್ಕೆ ಜೊನಾಥನ್ ವಿಚರ್‌ನನ್ನು ನೋಡಬಹುದು. ಚರ್ಚಿನ ಪುಸ್ತಕದಂತೆ ಅವನು ಲಂಡನ್ನಿನ ದಕ್ಷಿಣದ ಕ್ಯಾಂಬರ್‌ವೆಲ್‌ನಲ್ಲಿ 1814ರಲ್ಲಿ ಹುಟ್ಟಿದ, ತೋಟಗಾರನೊಬ್ಬನ ಮಗ. 1837ರಲ್ಲಿ ಪೇದೆಯಾಗಿ ಹಾಲ್‌ಬರ್ನ್ ಪ್ರದೇಶದ ‘ಇ’ ವಿಭಾಗಕ್ಕೆ ಸೇರಿದನು. 1842ರಲ್ಲಿ ಎಂಟು ಜನರ ಪತ್ತೇದಾರಿ ಶಾಖೆ ಆರಂಭವಾದಾಗಿನ ಮೊದಲಿಗರ ಗುಂಪಿಗೆ ಸೇರಿದವನು. 1850ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಪತ್ತೇದಾರರನ್ನು ಕುರಿತು ಬರೆದಾಗ ಹೆಸರನ್ನು ತುಸು ಬದಲಿಸಿ ಅವನನ್ನೂ ಚಿತ್ರಿಸಿದನು.

1860ರ ಜೂನ್ ಕೊನೆಯಲ್ಲಿ ರೋಡ್ ಎಂಬ ಹಳ್ಳಿಯ ಶ್ರೀಮಂತರ ಮನೆಯಲ್ಲಿ ಮೂರು ವರ್ಷದ ಬಾಲಕನ ಕೊಲೆಯಾಯಿತು. ತನಿಖೆಗೆ ಹೋದ ವಿಚರ್ ಬಾಲಕನ ಮಲಅಕ್ಕ, ಹದಿನಾರರ ಕಾನ್‌ಸ್ಟನ್ಸ್ ಕೆಂಟ್‌ಳನ್ನು ಬಂಧಿಸಿದನು. ಕೂಲಿಕಾರ ವರ್ಗದಿಂದ ಬಂದ ಪೊಲೀಸನು ಸಭ್ಯಗೃಹಸ್ಥನ ಮಗಳ ಮೇಲೆ ಕೈಮಾಡಿದನೆಂದು ಪತ್ರಿಕೆಗಳು ಕೆಂಡ ಕಾರಿದವು. ಅವಳ ಬಿಡುಗಡೆಯಾಯಿತು, ಅವನ ಕೀರ್ತಿ ಮಣ್ಣುಗೂಡಿತು. 1864ರಲ್ಲಿ ಅನಾರೋಗ್ಯದ ಕಾರಣ ನಿವೃತ್ತನಾದನು. 1865ರಲ್ಲಿ ಕಾನ್‌ಸ್ಟನ್ಸ್ ತಾನಾಗಿಯೇ ಕೊಲೆಯನ್ನು ಒಪ್ಪಿಕೊಂಡಳು. ಅವನ ಊಹೆ ನಿಜವಾಗಿತ್ತು. ಅಷ್ಟರಲ್ಲಿ ಅವನ ಸೇವೆ ಮುಗಿದಿತ್ತು.

ಸಾರ್ವಜನಿಕ ಬದುಕಿನ ಈ ಕತೆ ಪತ್ರಿಕೆಗಳಲ್ಲಿ ಸಿಗುತ್ತದೆ. ಖಾಸಗಿ ಬದುಕಿನ ಕತೆ ಸಿಗುವುದು ನಾವು ಮೇಲೆ ಕಂಡ ಒಣ ದಾಖಲೆಗಳಲ್ಲಿ. ಅವನು 1866ರಲ್ಲಿ ಷಾರ್ಲೆಟ್ ಪೈಪರ್ ಎಂಬ ವಿಧವೆಯನ್ನು ಮದುವೆಯಾದನು. ಅದಕ್ಕೂ ಮುಂಚೆ, ಪೇದೆಯಾಗಿದ್ದ ಕಾಲದಲ್ಲಿ, ಎಲಿಜಬೆತ್ ಎಂಬವಳೊಡನೆ ಅವನು ಬಾಳಿದ್ದನೆಂದು ಇತರ ದಾಖಲೆಗಳು ಸೂಚಿಸುತ್ತವೆ. ಆದರೆ 1866ರ ವಿವಾಹಪತ್ರದಲ್ಲಿ ಅವನ ಸ್ಥಿತಿಯನ್ನು ‘ವಿಧುರ’ ಎಂದಲ್ಲ, ‘ಅವಿವಾಹಿತ’ ಎಂದು ಬರೆಯಲಾಗಿದೆ. ಮೊದಲ ಸಂಬಂಧ ಶಾಸ್ತ್ರೋಕ್ತ ವಿವಾಹವಾಗಿರಲಿಲ್ಲವೇ? ಒಂದೇ ಪದ ಇಡೀ ಬದುಕಿನ ಮೇಲೆ ಬೇರೆ ಬೆಳಕನ್ನು ಚೆಲ್ಲುತ್ತದೆ. ಕೇಟ್ ಸಮ್ಮರ್‌ಸ್ಕೇಲ್ 2008ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ವಿಚರ್ ಮತ್ತೆ ಜನರ ನೆನಪಿಗೆ ಬಂದನು. ಶೋಧಕನು ಇಂಥಲ್ಲಿ ಗುಟ್ಟನ್ನು ಬಯಲಿಗೆಳೆದ ಹರ್ಷಕ್ಕೆ ಒಳಗಾಗದೆ, ಆಧಾರ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಗೆ ನಿಲ್ಲಬೇಕು.

7. ನಮ್ಮ ಕಡೆಗೆ ತಿರುಗಿದರೆ

ಈ ಶೋಧದ ಒಂದು ಕವಲು ಭಾರತಕ್ಕೂ ಬರುತ್ತದೆ. ಇಲ್ಲಿ ಸೇವೆಗೆ ಬಂದ ಬ್ರಿಟಿಷ್ ಪೊಲೀಸರ, ಸೈನಿಕರ ಮನೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲುಗಳನ್ನು ಬಂಗಾಳ, ಮದರಾಸು, ಮುಂಬಯಿ ಅಧಿಪತ್ಯಗಳಿಂದ ಲಂಡನ್ನಿಗೆ ಕಳುಹಿಸಲಾಗುತ್ತಿತ್ತು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಮುಂಬಯಿಯಲ್ಲಿ ಸತ್ತ ಪೊಲೀಸನೊಬ್ಬನ ಸಮಾಧಿಯ ದಿನವನ್ನು ಅವನ ವಂಶದವರು ಹೀಗೆ ಅಲ್ಲಿಯೇ ಕುಳಿತು ತಿಳಿಯಬಲ್ಲರು.

ಅದೇ ಮುಂಬಯಿಗೆ ಘಟ್ಟ ಇಳಿದು, ಕಡಲು ಹಾದು ಬಂದ ಕನ್ನಡಿಗರ ಮಾತೇನು? ಗಿರಣಿಗಳಲ್ಲಿ, ಬಂದರಿನಲ್ಲಿ, ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಹೆಸರುಗಳು ಎಲ್ಲಿವೆ? ನಮ್ಮಲ್ಲಿ ವಂಶವನ್ನು ನೆನಪಿಡುವ ಸಂಪ್ರದಾಯ ಇಲ್ಲದಿಲ್ಲ. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ಮನೆತನದ ಬೇರನ್ನು ಹೇಳುವ ಹೆಳವರು, ತೀರ್ಥಕ್ಷೇತ್ರಗಳಲ್ಲಿ ಯಾತ್ರಿಕರ ತಲೆಮಾರುಗಳನ್ನು ಬರೆದಿಡುವ ಪಂಡರು ಇದ್ದಾರೆ. ಆದರೆ ಹೆಳವನ ದಾರಿ ಊರಿಗೆ ಹೋಗುತ್ತದೆ, ಊರು ಬಿಟ್ಟವನ ಹಿಂದೆ ನಗರದ ಚಾಳಿಗೆ ಬರುವುದು ಅಪರೂಪ. ಊರು ಬಿಟ್ಟವನ ದಾಖಲೆ ರಾತ್ರಿಶಾಲೆಯ ಹಾಜರಿ ಪುಸ್ತಕದಲ್ಲಿ, ಸಂಘದ ವಂತಿಗೆ ರಸೀತಿಯಲ್ಲಿ, ಊರಿಗೆ ಕಳುಹಿಸಿದ ಮನಿಯಾರ್ಡರಿನ ತುಣುಕಿನಲ್ಲಿ, ನಾಟಕದ ಕರಪತ್ರದಲ್ಲಿ ಇದೆ. ಇವು ಕಟ್ಟಡ ದುರಸ್ತಿಯ ದಿನ ರದ್ದಿಗೆ ಹೋಗುವ ವಸ್ತುಗಳು.

ಇಂಗ್ಲೆಂಡಿನ ಪೇದೆ ಉಳಿದುದು ಅವನು ಮಹಾಪುರುಷನೆಂಬ ಕಾರಣಕ್ಕಲ್ಲ. ಅವನಿಗೆ ಸಂಬಳ ಕೊಡಬೇಕಾಗಿತ್ತು, ದಂಡ ಹಾಕಬೇಕಾಗಿತ್ತು, ಪಿಂಚಣಿ ಎಣಿಸಬೇಕಾಗಿತ್ತು; ಅದಕ್ಕಾಗಿ ಬರೆದ ಪುಸ್ತಕವನ್ನು ಮುಂದಿನವರು ಎಸೆಯಲಿಲ್ಲ, ಅಷ್ಟೆ. ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯಬೇಕೆನ್ನುವ ವಿದ್ಯಾರ್ಥಿಗಳು ಮೊದಲು ಮಾಡಬೇಕಾದ ಕೆಲಸವೂ ಇಷ್ಟೇ ಸರಳವಾದುದು: ತಮ್ಮ ಬಡಾವಣೆಯ ಸಂಘದ ಹಳೆಯ ಕಪಾಟನ್ನು ತೆರೆಯುವುದು, ಅಲ್ಲಿರುವ ಪುಸ್ತಕಗಳ ವರ್ಷಗಳನ್ನು ಪಟ್ಟಿಮಾಡುವುದು, ಹಿರಿಯರು ಇರುವಾಗಲೇ ಅವರ ಬಾಯಿಂದ ಹೆಸರುಗಳನ್ನು ಬರೆದುಕೊಳ್ಳುವುದು. ವೀರಗಲ್ಲು ಸತ್ತವನಿಗೆ ಸಂದ ಗೌರವ. ಬದುಕಿ ದುಡಿದವನಿಗೆ ಸಲ್ಲಬೇಕಾದುದು ಆ ಹಾಜರಿ ಪುಸ್ತಕದ ರಕ್ಷಣೆ.